ಗಡಿಯಾರ ಮುಚ್ಚಿಟ್ಟ ಗಾಳಿ

ಲಿಸ್ಬನ್‌ನಿಂದ ಹೆಲ್ಸಿಂಕಿಗೆ ನೇರ ವಿಮಾನ ಹಿಡಿಯುವವರ ಟಿಕೆಟ್ಟಿನಲ್ಲಿ ಹೆಚ್ಚುಕಡಿಮೆ ಹೀಗಿರುತ್ತದೆ: ಹೊರಡುವುದು ಬೆಳಿಗ್ಗೆ 10ಕ್ಕೆ, ತಲುಪುವುದು ಸಂಜೆ 4.40ಕ್ಕೆ. ಕೆಲಸ ಮುಗಿಸಿ ಅದೇ ಬೆಳಗಿನ 10ಕ್ಕೆ ಹೆಲ್ಸಿಂಕಿ ಬಿಟ್ಟರೆ ಮಧ್ಯಾಹ್ನ 1.10ಕ್ಕೆಲ್ಲ ಲಿಸ್ಬನ್‌ನಲ್ಲಿ ಊಟಕ್ಕೆ ಹಾಜರು. ಹೋಗುವಾಗ ಆರು ಗಂಟೆ ನಲವತ್ತು ನಿಮಿಷ, ಬರುವಾಗ ಮೂರು ಗಂಟೆ ಹತ್ತು ನಿಮಿಷ. ಊರುಗಳು ಅವೇ, ವಿಮಾನವೂ ಅದೇ ಜಾತಿಯದು.

ಇದು ಗಡಿಯಾರದ ಆಟ ಎಂದು ಒಮ್ಮೆ ವಿದೇಶಕ್ಕೆ ಹೋಗಿಬಂದವರಿಗೂ ಗೊತ್ತು. ಪೋರ್ಚುಗಲ್ ಲಂಡನ್ನಿನ ಹೊತ್ತಿಗೆ ನಡೆಯುತ್ತದೆ, ಫಿನ್ಲೆಂಡ್ ಅದಕ್ಕಿಂತ ಎರಡು ಗಂಟೆ ಮುಂದಿದೆ. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ಪದ್ಧತಿ ಎರಡೂ ಕಡೆ ಇದ್ದರೂ ಇಬ್ಬರೂ ಒಂದೇ ಕ್ಷಣದಲ್ಲಿ ತಿರುಗಿಸುವುದರಿಂದ ಅಂತರ ವರ್ಷವಿಡೀ ಎರಡು ಗಂಟೆಯೇ. ಸೂರ್ಯನನ್ನು ಕೇಳಿದರೂ ಸುಮಾರಾಗಿ ಇದೇ ಉತ್ತರ ಬರುತ್ತದೆ. ಎರಡು ಊರುಗಳ ನಡುವೆ 34 ಡಿಗ್ರಿ ರೇಖಾಂಶದ ಅಂತರವಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಹೆಲ್ಸಿಂಕಿಯ ನೆತ್ತಿಯ ಮೇಲೆ ಬಂದ ಸೂರ್ಯ ಲಿಸ್ಬನ್ನಿನ ನೆತ್ತಿಗೆ ಬರಲು ಎರಡು ಗಂಟೆ ಹದಿನಾರು ನಿಮಿಷ ಬೇಕು. 1992ರಿಂದ 1996ರವರೆಗೆ ಪೋರ್ಚುಗಲ್ ಮಧ್ಯ ಯುರೋಪಿನ ಹೊತ್ತನ್ನು ಇಟ್ಟುಕೊಂಡು ನೋಡಿ, ಕೊನೆಗೆ ಬೇಡವೆಂದು ಬಿಟ್ಟಿತು. ಆ ವರ್ಷಗಳಲ್ಲಾಗಿದ್ದರೆ ಇದೇ ಟಿಕೆಟ್ಟು ಹೋಗುವಾಗ ಒಂದು ಗಂಟೆ ಕಡಿಮೆಯನ್ನೂ ಬರುವಾಗ ಒಂದು ಗಂಟೆ ಹೆಚ್ಚನ್ನೂ ತೋರಿಸುತ್ತಿತ್ತು.

ಸರಿ, ಗಡಿಯಾರದ ಎರಡು ಗಂಟೆಯನ್ನು ಹೋಗುವ ಲೆಕ್ಕದಿಂದ ಕಳೆಯೋಣ, ಬರುವ ಲೆಕ್ಕಕ್ಕೆ ಕೂಡಿಸೋಣ. ಹೋಗುವಾಗ ನಾಲ್ಕು ಗಂಟೆ ನಲವತ್ತು ನಿಮಿಷ. ಬರುವಾಗ ಐದು ಗಂಟೆ ಹತ್ತು ನಿಮಿಷ. ಎರಡೂ ಸಮವಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಟಿಕೆಟ್ಟು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ ಆಯಿತು! ಬೇಗ ತಲುಪಿದಂತೆ ಕಂಡ ವಾಪಸು ಪಯಣವೇ ನಿಜಕ್ಕೂ ಅರ್ಧ ಗಂಟೆ ತಡ. ಬೆಂಗಳೂರು–ಲಂಡನ್ ನಡುವೆ ಓಡಾಡುವ ನಮ್ಮವರಿಗೂ ಇದರ ಅನುಭವ ಇದೆ. ಅಲ್ಲಿಗೆ ಹೋಗುವಾಗ ಕೂತೂ ಕೂತೂ ಬೆನ್ನು ಹಿಡಿಯುತ್ತದೆ, ಊರಿಗೆ ಬರುವಾಗ ವಿಮಾನ ಬೇಗ ಇಳಿದುಬಿಡುತ್ತದೆ.

ಈ ಅಧ್ಯಾಯ ಗಡಿಯಾರ ನುಂಗಿಕೊಂಡ ಆ ಅರ್ಧ ಗಂಟೆಯ ಬಗ್ಗೆ.

ದೂರ ಎಂದರೆ ಯಾವ ಗೆರೆ?

ಮೊದಲು ದೂರದ ಮೇಲಿನ ಅನುಮಾನವನ್ನು ಪರಿಹರಿಸಿಕೊಳ್ಳೋಣ. ಶಾಲೆಯ ಗೋಡೆಯ ಮೇಲಿರುವ ಮರ್ಕೇಟರ್ ಮಾದರಿಯ ಭೂಪಟದಲ್ಲಿ ಲಿಸ್ಬನ್‌ಗೂ ಹೆಲ್ಸಿಂಕಿಗೂ ಸ್ಕೇಲಿಟ್ಟು ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಕರಾರುವಾಕ್ಕಾಗಿ ಈಶಾನ್ಯ ದಿಕ್ಕಿಗೆ ಹೋಗುತ್ತದೆ. ನಡು ದಾರಿಯಲ್ಲಿ ಲಕ್ಸೆಂಬರ್ಗ್ ಸಿಗುತ್ತದೆ. ಮೇಜಿನ ಮೇಲಿನ ಗ್ಲೋಬ್ ತೆಗೆದುಕೊಂಡು ಎರಡೂ ಊರಿಗೆ ದಾರ ಬಿಗಿದು ನೋಡಿ. ದಾರ ಲಿಸ್ಬನ್ ಬಿಡುವಾಗ ಈಶಾನ್ಯಕ್ಕಿಂತ ಉತ್ತರಕ್ಕೆ ವಾಲುತ್ತದೆ, ಸ್ಪೇನಿನ ಉತ್ತರ ಕರಾವಳಿ ದಾಟಿ ಬಿಸ್ಕೇ ಕೊಲ್ಲಿಯ ಮೇಲೆ ಸಾಗುತ್ತದೆ, ಪ್ಯಾರಿಸ್ಸನ್ನು ಬಲಕ್ಕೆ ಬಿಟ್ಟು ಬ್ರಸೆಲ್ಸ್‌ನ ಹತ್ತಿರ ಅರ್ಧ ದಾರಿ ಮುಗಿಸುತ್ತದೆ. ಆಮೇಲೆ ಡೆನ್ಮಾರ್ಕಿನ ದ್ವೀಪಗಳು, ಸ್ವೀಡನ್ನಿನ ದಕ್ಷಿಣ ತುದಿ, ಬಾಲ್ಟಿಕ್ ಸಮುದ್ರ. ಹೆಲ್ಸಿಂಕಿ ಮುಟ್ಟುವ ಹೊತ್ತಿಗೆ ಅದರ ಮುಖ ಪೂರ್ವದತ್ತ ಚೆನ್ನಾಗಿಯೇ ತಿರುಗಿರುತ್ತದೆ. ಎಲ್ಲೂ ಬಾಗದ ದಾರ ಹೊರಟ ದಿಕ್ಕಿಗೂ ಮುಟ್ಟಿದ ದಿಕ್ಕಿಗೂ ಸುಮಾರು 27 ಡಿಗ್ರಿ ವ್ಯತ್ಯಾಸ ತೋರಿಸುತ್ತದೆ. ಗುಂಡಾದ ನೆಲದ ಮೇಲೆ ನೇರ ಹೋಗುವುದೆಂದರೆ ಹೀಗೆಯೇ.

ಈ ದಾರದ ಗೆರೆಗೆ ಮಹಾವೃತ್ತ ಎಂದು ಹೆಸರು. ಅದರ ಉದ್ದ ಸುಮಾರು 3,370 ಕಿಲೋಮೀಟರ್. ಭೂಪಟದ ಗೆರೆ ಹಿಡಿದು ಹೋದರೆ ಇದಕ್ಕಿಂತ ಮೂವತ್ತು ಕಿಲೋಮೀಟರಿನಷ್ಟೂ ಹೆಚ್ಚಾಗುವುದಿಲ್ಲ. ವಿಮಾನಕ್ಕೆ ಅದು ಎರಡು ನಿಮಿಷದ ಕೆಲಸ. ಮಹಾವೃತ್ತದ ಮಹಿಮೆಯನ್ನು ಹೊಗಳುವವರು ಇಷ್ಟು ಸಣ್ಣ ಅಂತರಕ್ಕೆ ಅದರಿಂದ ಸಿಗುವ ಲಾಭ ಪುಡಿಗಾಸು ಎಂಬುದನ್ನು ಹೇಳುವುದಿಲ್ಲ. ಖಂಡಗಳನ್ನು ದಾಟುವಾಗ ಮಾತ್ರ ಅದು ದೊಡ್ಡ ಮೊತ್ತ.

ನಿಜವಾದ ವಿಮಾನ ದಾರದ ಮೇಲೂ ಹೋಗುವುದಿಲ್ಲ, ಸ್ಕೇಲಿನ ಗೆರೆಯ ಮೇಲೂ ಹೋಗುವುದಿಲ್ಲ. ಸೈನ್ಯದ ಅಭ್ಯಾಸಕ್ಕೆ ಮೀಸಲಾದ ಆಕಾಶವನ್ನು ಸುತ್ತಬೇಕು, ದಟ್ಟಣೆ ಇರುವ ಕಡೆ ಸರದಿ ಕಾಯಬೇಕು. ದಾಟಿದ ದೇಶಗಳಿಗೆಲ್ಲ ದೂರಕ್ಕೂ ವಿಮಾನದ ತೂಕಕ್ಕೂ ತಕ್ಕಂತೆ ಸುಂಕ ಕಟ್ಟಬೇಕು. ಆ ಸುಂಕದ ಲೆಕ್ಕ ಇಡುವ, ಯುರೋಪಿನ ಆಕಾಶದ ದಟ್ಟಣೆಯನ್ನು ಹೊಂದಿಸುವ ಯೂರೋಕಂಟ್ರೋಲ್ ಸಂಸ್ಥೆಯ ಮುಖ್ಯ ಕಚೇರಿ ಇರುವುದು ಬ್ರಸೆಲ್ಸ್‌ನಲ್ಲಿ, ನಮ್ಮ ದಾರದ ಹೆಚ್ಚುಕಡಿಮೆ ಸರಿಯಾದ ನಡುವಿನಲ್ಲಿ. ಆಕಾಶ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಹೆಲ್ಸಿಂಕಿಯವರೇ ಕಂಡಿದ್ದಾರೆ. 2022ರಲ್ಲಿ ರಷ್ಯಾದ ಆಕಾಶ ಬಂದ್ ಆದ ಮೇಲೆ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಚಿಲ್ಲರೆ ಗಂಟೆಯ ಪಯಣ ಸುಮಾರು ಹದಿಮೂರು ಗಂಟೆಗೆ ಏರಿತು.

ಆದರೆ ಇಂಥ ಸುತ್ತುಬಳಸುಗಳು ಹೋಗುವವರಿಗೂ ಬರುವವರಿಗೂ ಹೆಚ್ಚುಕಡಿಮೆ ಒಂದೇ. ನಮ್ಮ ಅರ್ಧ ಗಂಟೆ ಇಲ್ಲಿ ಸಿಗುವುದಿಲ್ಲ.

ಭೂಮಿ ತಿರುಗಿದರೆ ವಿಮಾನಕ್ಕೇನು?

ಈಗ ಎಲ್ಲರ ತಲೆಯಲ್ಲೂ ಒಮ್ಮೆ ಸುಳಿಯುವ ಉತ್ತರ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದಲ್ಲವೇ? ಹಾಗಾದರೆ ಹೆಲ್ಸಿಂಕಿಯಿಂದ ಪಶ್ಚಿಮಕ್ಕೆ ಹೊರಟ ವಿಮಾನದ ಕಡೆಗೆ ಲಿಸ್ಬನ್ ತಾನೇ ಓಡಿ ಬರಬೇಕು. ಪೂರ್ವಕ್ಕೆ ಹೊರಟವರಿಂದ ಹೆಲ್ಸಿಂಕಿ ದೂರ ಓಡಬೇಕು. ವಿಮಾನ ಗಾಳಿಯಲ್ಲಿ ಸುಮ್ಮನೆ ತೇಲಿಕೊಂಡಿದ್ದರೂ ಕೆಳಗೆ ಊರುಗಳು ಸರಿದು ಹೋಗಬೇಕು.

ತಿರುಗುವ ವೇಗವೂ ಸಣ್ಣದಲ್ಲ. ಭೂಮಧ್ಯ ರೇಖೆಯ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಉತ್ತರಕ್ಕೆ ಹೋದಂತೆ ಸುತ್ತಬೇಕಾದ ಬಳೆ ಚಿಕ್ಕದಾಗುತ್ತದೆ, ಇಪ್ಪತ್ತನಾಲ್ಕು ಗಂಟೆಯ ಗಡುವು ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ಲಿಸ್ಬನ್ನಿನ ನೆಲದ ವೇಗ ಗಂಟೆಗೆ 1,300 ಕಿಲೋಮೀಟರ್, ಹೆಲ್ಸಿಂಕಿಯದು 830ರ ಆಸುಪಾಸು. ಈ ಎರಡು ಸಂಖ್ಯೆಗಳನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತವೆ.

ಈ ಉತ್ತರದ ತಪ್ಪು ತಿಳಿಯಲು ವಿಮಾನವೇ ಬೇಡ. ಲಿಸ್ಬನ್ನಿನ ಚೌಕದಲ್ಲಿ ನಿಂತವನ ಟೋಪಿ ಹಾರಿಹೋಗುವುದಿಲ್ಲ ಎಂಬುದೇ ಸಾಕು. ನೆಲ ಮಾತ್ರ ತಿರುಗಿ ಗಾಳಿ ನಿಂತಿದ್ದರೆ ಅಲ್ಲಿ ಹಗಲೂ ರಾತ್ರಿ ಗಂಟೆಗೆ 1,300 ಕಿಲೋಮೀಟರ್ ವೇಗದ ಗಾಳಿ ಬೀಸಬೇಕಿತ್ತು. ಬೀಸುತ್ತಿಲ್ಲ, ಏಕೆಂದರೆ ಗಾಳಿಯೂ ನೆಲದ ಜೊತೆಗೇ ತಿರುಗುತ್ತಿದೆ. ಓಡುದಾರಿಯಲ್ಲಿ ನಿಂತ ವಿಮಾನವೂ ಅಷ್ಟೇ ವೇಗದಲ್ಲಿ ಸುತ್ತುತ್ತಿದೆ, ಮೇಲೆ ಹೋದ ಮೇಲೂ ಆ ವೇಗ ಅದರ ಮೈಯಲ್ಲೇ ಇರುತ್ತದೆ. ತಿರುಗಾಟ ಎಲ್ಲರಿಗೂ ಸಮನಾದ ಸೊತ್ತು. ಅದರಿಂದ ನೇರವಾಗಿ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ.

ನೇರವಾಗಿ ಇಲ್ಲ. ಹಿತ್ತಿಲ ಬಾಗಿಲಿನಿಂದ ಭೂಮಿಯ ತಿರುಗಾಟ ಇದೇ ಕತೆಯೊಳಗೆ ಮತ್ತೆ ಬರುತ್ತದೆ, ಅದೂ ನಾವು ಎಣಿಸಿದ್ದರ ವಿರುದ್ಧ ದಿಕ್ಕಿನಲ್ಲಿ.

ಹೊಳೆಯಲ್ಲಿ ದೋಣಿ

ಹೊಳೆಯಲ್ಲಿ ದೋಣಿ ನಡೆಸಿದವರಿಗೆ ಹುಟ್ಟು ಹಾಕುವ ವೇಗ ಬೇರೆ, ದಡದ ಮರಗಳು ಸರಿಯುವ ವೇಗ ಬೇರೆ ಎಂದು ಹೇಳಿಕೊಡಬೇಕಿಲ್ಲ. ಹರಿವಿನ ಜೊತೆ ಹೋದರೆ ಎರಡೂ ಸೇರಿ ಕೂಡುತ್ತವೆ, ಎದುರು ಹೋದರೆ ಒಂದರಿಂದ ಇನ್ನೊಂದು ಕಳೆಯುತ್ತದೆ. ದೋಣಿಗೆ ಗೊತ್ತಿರುವುದು ನೀರು ಮಾತ್ರ, ವಿಮಾನಕ್ಕೆ ಗಾಳಿ ಮಾತ್ರ. ರೆಕ್ಕೆಯ ಮೇಲೆ ಗಾಳಿ ಎಷ್ಟು ವೇಗದಲ್ಲಿ ಹರಿಯುತ್ತಿದೆ ಎಂಬುದರ ಮೇಲೆ ಅದು ತೇಲುತ್ತದೆ. ಕೆಳಗಿನ ನೆಲ ಎಷ್ಟು ಬೇಗ ಸರಿಯುತ್ತಿದೆ ಎಂಬುದು ಅದಕ್ಕೆ ಸಂಬಂಧವಿಲ್ಲ.

ಪೈಲಟ್ಟಿನ ಮುಂದಿನ ಪರದೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಏರ್‌ಬಸ್ ಎ320ರಲ್ಲಿ ದಾರಿ ತೋರುವ ಪರದೆಯ ಎಡ ಮೇಲ್ತುದಿಯಲ್ಲಿ ಎರಡು ಸಂಖ್ಯೆಗಳು ಪಕ್ಕಪಕ್ಕ ಇರುತ್ತವೆ: ಜಿಎಸ್ ಎಂದರೆ ನೆಲವೇಗ, ಟಿಎಎಸ್ ಎಂದರೆ ಗಾಳಿಯೊಳಗಿನ ವೇಗ, ಎರಡೂ ನಾಟ್ ಲೆಕ್ಕದಲ್ಲಿ. ಅವುಗಳ ಕೆಳಗೆ ಗಾಳಿ ಎಲ್ಲಿಂದ, ಎಷ್ಟು ಎಂಬುದು, ಜೊತೆಗೊಂದು ಪುಟ್ಟ ಬಾಣ. ಚಳಿಗಾಲದ ಒಂದು ಬಿರುಸಿನ ದಿನ ಬ್ರಸೆಲ್ಸ್ ಮೇಲೆ ಈಶಾನ್ಯಕ್ಕೆ ಮುಖ ಮಾಡಿದ ವಿಮಾನದಲ್ಲಿ ಜಿಎಸ್ 518, ಟಿಎಎಸ್ 454, ಗಾಳಿ 270/97 ಎಂದಿರಬಹುದು. ಅಂದರೆ ಪಶ್ಚಿಮದಿಂದ ಗಂಟೆಗೆ 180 ಕಿಲೋಮೀಟರ್ ಗಾಳಿ. ವಿಮಾನ ಓರೆಯಾಗಿ ಹೋಗುತ್ತಿರುವುದರಿಂದ ಅಷ್ಟೂ ಗಾಳಿ ಬೆನ್ನಿಗೆ ಬೀಳುವುದಿಲ್ಲ. ಒಂದು ಪಾಲು ಪಕ್ಕೆಗೆ ಬಡಿದು ವ್ಯರ್ಥ. ಹಾಗಿದ್ದೂ ಗಾಳಿಯೊಳಗೆ 840 ಕಿಲೋಮೀಟರ್ ವೇಗದ ವಿಮಾನ ನೆಲದ ಲೆಕ್ಕದಲ್ಲಿ 960ರಲ್ಲಿ ಓಡುತ್ತದೆ. ಒಳಗೆ ಕೂತವರ ಕಾಫಿ ಲೋಟದಲ್ಲಿ ಒಂದು ಅಲೆಯೂ ಏಳುವುದಿಲ್ಲ.

ಇದೇ ದಿನದ ಲೆಕ್ಕ ಮುಂದುವರಿಸೋಣ. ಏರುವ ಇಳಿಯುವ ಭಾಗ ಬಿಟ್ಟು ಎತ್ತರದಲ್ಲಿ ಸಮನಾಗಿ ಓಡುವ ದೂರ 2,880 ಕಿಲೋಮೀಟರ್ ಎನ್ನೋಣ. ಗಾಳಿಯ ಜೊತೆ 960ರ ವೇಗದಲ್ಲಿ ಸರಿಯಾಗಿ ಮೂರು ಗಂಟೆ. ಎದುರಾಗಿ, ಅಡ್ಡ ಪಾಲನ್ನು ಮರೆತು, 720ರ ವೇಗದಲ್ಲಿ ನಾಲ್ಕು ಗಂಟೆ. ಹೋಗಿಬರಲು ಒಟ್ಟು ಏಳು. ಗಾಳಿಯೇ ಇಲ್ಲದಿದ್ದರೆ? 840ರಂತೆ ಹೋಗಿಬರಲು ಆರು ಗಂಟೆ ಐವತ್ತೊಂದು ನಿಮಿಷ. ಹೋಗುವಾಗ ಕೊಟ್ಟದ್ದನ್ನು ಬರುವಾಗ ಗಾಳಿ ಬಡ್ಡಿ ಸೇರಿಸಿ ಕಿತ್ತುಕೊಂಡಿತು. ಬಡ್ಡಿ ಒಂಬತ್ತು ನಿಮಿಷ. ಕಾರಣ ಸರಳ: ಅನುಕೂಲದ ಗಾಳಿಯಲ್ಲಿ ವಿಮಾನ ಕಳೆಯುವುದು ಮೂರೇ ಗಂಟೆ, ಪ್ರತಿಕೂಲದ ಗಾಳಿಯಲ್ಲಿ ನಾಲ್ಕು. ಹೆಚ್ಚು ಹೊತ್ತು ತೊಂದರೆಯಲ್ಲೇ ಇದ್ದರೆ ಲೆಕ್ಕ ಸಮವಾಗುವುದೆಂತು?

ಎಲ್ಲ ದಿನವೂ ಇಷ್ಟು ಗಾಳಿ ಇರುವುದಿಲ್ಲ. ಸಾಧಾರಣ ದಿನಗಳಲ್ಲಿ ಇದರ ಅರ್ಧ ಬೀಸಿದರೂ ಹೋಗುವ ಬರುವ ಹೊತ್ತಿನ ಅಂತರ ಅರ್ಧ ಗಂಟೆ. ಟಿಕೆಟ್ಟಿನೊಳಗೆ ಅಡಗಿದ್ದದ್ದು ಇದೇ.

ಅಟ್ಲಾಂಟಿಕ್ ದಾಟುವಾಗ ಈ ಆಟ ಇನ್ನೂ ಜೋರು. 2020ರ ಫೆಬ್ರವರಿಯಲ್ಲಿ ಸಿಯಾರಾ ಎಂಬ ಬಿರುಗಾಳಿ ಯುರೋಪಿನತ್ತ ನುಗ್ಗುವಾಗ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಗೆ ನಾಲ್ಕು ನಿಮಿಷ ಕಡಿಮೆಯಲ್ಲಿ ಬಂದಿಳಿಯಿತು. ದಾರಿಯಲ್ಲಿ ಅದರ ನೆಲವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ಶಬ್ದದ ವೇಗ ಮೀರಿತೇ ಎಂದು ಹಲವರು ಕೇಳಿದರು. ಇಲ್ಲ, ತನ್ನ ಸುತ್ತಲಿನ ಗಾಳಿಯೊಳಗೆ ಅದು ಎಂದಿನ ವೇಗದಲ್ಲೇ ಇತ್ತು.

ಗಾಳಿ ಪೂರ್ವಕ್ಕೇ ಏಕೆ?

ಅಲ್ಲಿ ಮೇಲೆ, ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಈ ಗಾಳಿಹೊಳೆಗೆ ಜೆಟ್ ಸ್ಟ್ರೀಮ್ ಎಂದು ಹೆಸರು. ನೂರಾರು ಕಿಲೋಮೀಟರ್ ಅಗಲ, ಕೆಲವೇ ಕಿಲೋಮೀಟರ್ ದಪ್ಪ, ಸಾವಿರಾರು ಕಿಲೋಮೀಟರ್ ಉದ್ದ. ಅದನ್ನು ಹರಿಸುವ ಇಳಿಜಾರು ಎಲ್ಲಿದೆ?

ಲಿಸ್ಬನ್ ಮತ್ತು ಹೆಲ್ಸಿಂಕಿಯ ನಡುವೆಯೇ ಇದೆ. ಡಿಸೆಂಬರಿನ ಕೊನೆಯಲ್ಲಿ ಲಿಸ್ಬನ್ನಿಗೆ ಒಂಬತ್ತೂವರೆ ಗಂಟೆ ಹಗಲು. ಹೆಲ್ಸಿಂಕಿಗೆ ಆರು ಗಂಟೆಯೂ ಇಲ್ಲ, ಅದೂ ದಿಗಂತಕ್ಕೆ ಅಂಟಿಕೊಂಡ ಬಡ ಸೂರ್ಯ. ಬಿಸಿ ಗಾಳಿ ಉಬ್ಬುತ್ತದೆ, ತಣ್ಣನೆಯದು ಕುಗ್ಗುತ್ತದೆ. ಹಾಗಾಗಿ ದಕ್ಷಿಣದ ಗಾಳಿಯ ಕಂಬ ಎತ್ತರ, ಉತ್ತರದ್ದು ಗಿಡ್ಡ. ನೆಲದ ಮಟ್ಟದಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಹನ್ನೊಂದು ಕಿಲೋಮೀಟರ್ ಮೇಲೆ ಹೋಗಿ ನಿಂತರೆ ದಕ್ಷಿಣದಲ್ಲಿ ನಿಮ್ಮ ತಲೆಯ ಮೇಲೆ ಇನ್ನೂ ಸಾಕಷ್ಟು ಗಾಳಿ ಉಳಿದಿರುತ್ತದೆ, ಉತ್ತರದಲ್ಲಿ ಕಡಿಮೆ. ಅಂದರೆ ಅದೇ ಎತ್ತರದಲ್ಲಿ ದಕ್ಷಿಣಕ್ಕೆ ಒತ್ತಡ ಹೆಚ್ಚು. ಗಾಳಿ ಹೆಚ್ಚಿನ ಕಡೆಯಿಂದ ಕಡಿಮೆ ಕಡೆಗೆ, ಎಂದರೆ ಉತ್ತರಕ್ಕೆ ಹೊರಡುತ್ತದೆ.

ಉತ್ತರಕ್ಕೆ ಹೊರಟದ್ದು ಪೂರ್ವಕ್ಕೆ ತಿರುಗಿದ್ದು ಹೇಗೆ? ಆ ಎರಡು ಸಂಖ್ಯೆಗಳಿಗೆ ಇಲ್ಲಿ ಕೆಲಸ. ಲಿಸ್ಬನ್ನಿನ ಗಾಳಿಗೆ ಹುಟ್ಟಾ ಬಂದ ಪೂರ್ವ ದಿಕ್ಕಿನ ವೇಗ 1,300. ಅದು ಉತ್ತರಕ್ಕೆ ಸರಿದಂತೆಲ್ಲ ಕೆಳಗಿನ ನೆಲ ನಿಧಾನವಾಗುತ್ತದೆ: ಬ್ರಸೆಲ್ಸ್‌ನಲ್ಲಿ 1,050ರಷ್ಟು, ಹೆಲ್ಸಿಂಕಿಯಲ್ಲಿ 830. ತನ್ನ ಹಳೆಯ ವೇಗವನ್ನು ಬಿಡದ ಗಾಳಿ ನಿಧಾನವಾದ ನೆಲವನ್ನು ಹಿಂದೆ ಹಾಕಿ ಪೂರ್ವಕ್ಕೆ ಮುಂದೋಡುತ್ತದೆ. ನೆಲದ ಮೇಲೆ ನಿಂತ ನಮಗೆ ಅದು ಬಲಕ್ಕೆ ತಿರುಗಿದಂತೆ ಕಾಣುತ್ತದೆ. ಈ ತಿರುವನ್ನು ಗಣಿತದಲ್ಲಿ ಹಿಡಿದ ಫ್ರೆಂಚ್ ವಿಜ್ಞಾನಿ ಕೊರಿಯೋಲಿಸ್‌ನ ಹೆಸರಿನಲ್ಲಿ ಅದು ಪ್ರಸಿದ್ಧ. ಕೊನೆಗೆ ಉತ್ತರಕ್ಕೆ ನೂಕುವ ಒತ್ತಡವೂ ಬಲಕ್ಕೆ ಎಳೆಯುವ ತಿರುವೂ ಪರಸ್ಪರ ತಡೆದು ನಿಂತಾಗ ಗಾಳಿ ಅತ್ತ ಹೆಲ್ಸಿಂಕಿಗೂ ಹೋಗದೆ ಇತ್ತ ಲಿಸ್ಬನ್ನಿಗೂ ಮರಳದೆ ಎರಡರ ನಡುವೆ ಪೂರ್ವಕ್ಕೆ ಹರಿಯತೊಡಗುತ್ತದೆ. ದಾರಿಯಲ್ಲಿ ಬೇರೆ ಗಾಳಿಯೊಂದಿಗೆ ಕಲಸಿಹೋಗುವುದರಿಂದ ವೇಗದ ಪೂರ್ತಿ ಅಂತರ ಅದಕ್ಕೆ ದಕ್ಕುವುದಿಲ್ಲ. ಆದರೂ ಗಂಟೆಗೆ ನೂರೈವತ್ತು ಇನ್ನೂರು ಕಿಲೋಮೀಟರ್ ಸಾಮಾನ್ಯ.

ವಿಮಾನವನ್ನು ಪಶ್ಚಿಮಕ್ಕೆ ಬೇಗ ಒಯ್ಯಬೇಕಿತ್ತು ಎಂದು ನಾವು ಎಣಿಸಿದ ಭೂಮಿಯ ತಿರುಗಾಟ, ಸೂರ್ಯನ ಬಿಸಿಲಿನ ಜೊತೆ ಸೇರಿ ಅದನ್ನು ಪೂರ್ವಕ್ಕೆ ಬೇಗ ಒಯ್ಯುತ್ತಿದೆ.

ಈ ವಿವರಣೆ ಸರಿಯಾಗಿದ್ದರೆ ಬೇಸಿಗೆಯಲ್ಲಿ ಹೊಳೆ ಬಡವಾಗಬೇಕು. ಹಾಗೇ ಆಗುತ್ತದೆ. ಜೂನ್‌ನಲ್ಲಿ ಹೆಲ್ಸಿಂಕಿಗೆ ಹತ್ತೊಂಬತ್ತು ಗಂಟೆಯ ಹಗಲು, ಲಿಸ್ಬನ್ನಿಗೆ ಹದಿನೈದು. ಬಿಸಿಲಿನ ಕೋನದಲ್ಲಿ ಸೋತ ಉತ್ತರ, ಹಗಲಿನ ಉದ್ದದಲ್ಲಿ ಅದನ್ನು ಬಹುಪಾಲು ತುಂಬಿಕೊಳ್ಳುತ್ತದೆ. ಬಿಸಿ ತಂಪಿನ ಅಂತರ ತಗ್ಗುತ್ತದೆ, ಗಾಳಿಯೂ ತಗ್ಗುತ್ತದೆ.

ಎಸ್ಪೆರಾಂಟೋದಲ್ಲಿ ಹೂತ ಸುದ್ದಿ

ಇಷ್ಟು ದೊಡ್ಡ ಹೊಳೆ ತಲೆಯ ಮೇಲೇ ಹರಿಯುತ್ತಿದ್ದರೂ ಪ್ರಪಂಚಕ್ಕೆ ಗೊತ್ತಾದದ್ದು ತೀರಾ ಈಚೆಗೆ. ಟೋಕಿಯೋದ ಈಶಾನ್ಯಕ್ಕಿರುವ ತಾತೆನೋ ವೀಕ್ಷಣಾಲಯದಲ್ಲಿ ವಾಸಾಬುರೋ ಓಯಿಶಿ ಎಂಬ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿ ಬಲೂನುಗಳನ್ನು ಬಿಟ್ಟು, ಕೋನ ಅಳೆಯುವ ದುರ್ಬೀನಿನಿಂದ ಅವುಗಳ ಜಾಡು ಹಿಡಿದ. ಚಳಿಗಾಲದಲ್ಲಿ ಅವು ಪೂರ್ವಕ್ಕೆ ಕಿತ್ತುಕೊಂಡು ಹೋಗುತ್ತಿದ್ದವು. ಇದನ್ನು ಲೋಕವೆಲ್ಲ ಓದಲಿ ಎಂದು ಆತ 1926ರಲ್ಲಿ ವರದಿಯನ್ನು ಎಸ್ಪೆರಾಂಟೋ ಭಾಷೆಯಲ್ಲಿ ಪ್ರಕಟಿಸಿದ. ಎಲ್ಲರಿಗೂ ಸೇರಿದ ಭಾಷೆಯಲ್ಲಿ ಬರೆದದ್ದನ್ನು ಓದಿದವರು ಬೆರಳೆಣಿಕೆ. 1944ರ ಕೊನೆಯಲ್ಲಿ ಅಮೆರಿಕದ ಬಿ-29 ಬಾಂಬರುಗಳು ಟೋಕಿಯೋ ಮೇಲೆ ಎತ್ತರದಲ್ಲಿ ಹಾರಿ, ಲೆಕ್ಕಕ್ಕೆ ಸಿಗದ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗ ಸೈನ್ಯದವರಿಗೆ ಈ ಗಾಳಿಯ ಪರಿಚಯವಾಯಿತು. ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಕಾರ್ಲ್ ಗುಸ್ತಾಫ್ ರಾಸ್ಬಿ ಮತ್ತು ಷಿಕಾಗೋದ ಅವನ ಸಂಗಡಿಗರು ಯುದ್ಧದ ನಂತರ ಅದರ ಹಿಂದಿನ ಭೌತಶಾಸ್ತ್ರವನ್ನು ಬಿಡಿಸಿದರು. 1952ರ ನವೆಂಬರಿನಲ್ಲಿ ಪ್ಯಾನ್ ಅಮೆರಿಕನ್ ಕಂಪನಿಯ ವಿಮಾನ ಬೇಕೆಂದೇ ಈ ಗಾಳಿಯನ್ನು ಹಿಡಿದು, ಟೋಕಿಯೋದಿಂದ ಹೊನಲುಲುಗೆ ಹದಿನೆಂಟು ಗಂಟೆಯ ಹಾದಿಯನ್ನು ಹನ್ನೊಂದೂವರೆಯಲ್ಲಿ ಮುಗಿಸಿತು.

ವಾಪಸು ದಾರಿ ಬೇರೆ

ಹೊಳೆ ನೇರ ಹರಿಯುವುದಿಲ್ಲ, ಸುತ್ತಿ ಬಳಸಿ ಹರಿಯುತ್ತದೆ. ರಾಸ್ಬಿಯ ಹೆಸರು ಹೊತ್ತಿರುವುದು ಈ ದೊಡ್ಡ ಬಳುಕುಗಳೇ. ಕೆಲವು ದಿನ ಅದು ನೈಋತ್ಯದಿಂದ ಈಶಾನ್ಯಕ್ಕೆ, ಸರಿಯಾಗಿ ನಮ್ಮ ದಾರದ ಮೇಲೇ ಮಲಗಿರುತ್ತದೆ. ಆಗ ಹೆಲ್ಸಿಂಕಿಗೆ ಹೊರಟವರಿಗೆ ಹಬ್ಬ. ಮತ್ತೆ ಕೆಲವು ದಿನ ಸ್ಕ್ಯಾಂಡಿನೇವಿಯಾದ ಮೇಲೆ ಹೆಚ್ಚು ಒತ್ತಡದ ದೊಡ್ಡ ಗುಡ್ಡವೊಂದು ಬಂದು ಕೂತುಬಿಡುತ್ತದೆ. ಹೊಳೆ ಎರಡಾಗಿ ಒಡೆದು ಅದರ ಎರಡೂ ಪಕ್ಕ ಸುತ್ತಿಕೊಂಡು ಹೋಗುತ್ತದೆ. ಗುಡ್ಡದ ದಕ್ಷಿಣ ಅಂಚಿನಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ಅಂಥ ವಾರಗಳಲ್ಲಿ ಲಿಸ್ಬನ್ನಿಗೆ ಬರುವವರೇ ಬೇಗ ಮುಟ್ಟಿ, ಟಿಕೆಟ್ಟಿನ ಹೊತ್ತಿಗೆ ಮೊದಲೇ ಇಳಿದು, ನಿಲ್ಲಲು ಜಾಗ ಖಾಲಿಯಾಗುವುದನ್ನು ಕಾಯುತ್ತ ಕೂರುತ್ತಾರೆ.

ಕಂಪನಿಗಳು ವೇಳಾಪಟ್ಟಿ ಬರೆಯುವಾಗ ಇಷ್ಟನ್ನೂ ಸರಾಸರಿ ಹಿಡಿದು, ಓಡುದಾರಿಯವರೆಗೆ ಉರುಳುವ ಹೊತ್ತು, ಹೆಲ್ಸಿಂಕಿಯ ಚಳಿಯಲ್ಲಿ ರೆಕ್ಕೆಯ ಮೇಲಿನ ಹಿಮ ತೊಳೆಯುವ ಹೊತ್ತು ಎಲ್ಲ ಸೇರಿಸಿ, ಮೇಲೊಂದಿಷ್ಟು ಸಡಿಲ ಬಿಡುತ್ತವೆ. ಹಾರುವ ದಿನದ ದಾರಿಯನ್ನು ಮಾತ್ರ ಅಂದಿನ ಗಾಳಿಯ ಮುನ್ಸೂಚನೆ ನೋಡಿಯೇ ಗುರುತಿಸುವುದು. ಎಷ್ಟು ಇಂಧನ ತುಂಬಬೇಕು ಎಂಬುದನ್ನು ನಕ್ಷೆಯ ಕಿಲೋಮೀಟರುಗಳಿಗಿಂತ ಗಾಳಿಯಲ್ಲಿ ಈಜಬೇಕಾದ ದೂರ ತೀರ್ಮಾನಿಸುತ್ತದೆ. ನಮ್ಮ ಬಿರುಸಿನ ದಿನದಲ್ಲಿ ಆ 2,880 ಕಿಲೋಮೀಟರ್ ಹೋಗುವವರಿಗೆ 2,520 ಆಗಿತ್ತು, ಬರುವವರಿಗೆ 3,360. ಹಾಗಾಗಿ ಹೋಗುವ ವಿಮಾನ ಹೊಳೆಯ ನಡುವನ್ನು ಹುಡುಕುತ್ತದೆ, ಬರುವ ವಿಮಾನ ಅಂಚು ಹಿಡಿಯುತ್ತದೆ ಅಥವಾ ಸಾವಿರ ಎರಡು ಸಾವಿರ ಅಡಿ ಕೆಳಗಿಳಿದು ತಪ್ಪಿಸಿಕೊಳ್ಳುತ್ತದೆ. ಒಂದೇ ದಿನ, ಒಂದೇ ಜೋಡಿ ಊರುಗಳ ನಡುವೆ, ಎದುರಾಗಿ ಹೊರಟ ಎರಡು ವಿಮಾನಗಳು ದಾರಿಯ ನಡುವೆ ನೂರಿನ್ನೂರು ಕಿಲೋಮೀಟರ್ ದೂರದಲ್ಲಿ ಒಂದನ್ನೊಂದು ಕಾಣದೆಯೇ ದಾಟಿ ಹೋಗುವುದುಂಟು.